ಗೋಡೆಗೆ ಮುಖ ಮಾಡಿದ ಮಷಿನ್ನು

ನನ್ನ ಬಾಯಿ ಜೋರು. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಆಮೇಲೆ ಇನ್ಯಾರೋ ಹೇಳಿ ನಿಮಗೆ ಗೊತ್ತಾಗುವುದು ಬೇಡ. ಹಗರಿಬೊಮ್ಮನಹಳ್ಳಿಯಲ್ಲಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಒಂದು ಸಣ್ಣ ಘಟಕದಲ್ಲಿ ನಾನು ಮೇಲ್ವಿಚಾರಕಿ. ಹದಿನಾರು ಮಷಿನ್ನು, ಹದಿನಾರು ಹೆಂಗಸರು, ತಲೆಯ ಮೇಲೆ ತಗಡು, ಕೆಳಗೆ ಶೇಂಗಾ ಗೋದಾಮು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಯ ಎಷ್ಟೋ ಮಕ್ಕಳ ಮೈಮೇಲಿನ ಅಂಗಿ ನಮ್ಮ ಕೈಯಿಂದ ಹೋದದ್ದು. ಹದಿನಾರು ಮೋಟರ್ ಒಟ್ಟಿಗೆ ಓಡುವಾಗ ಮೆತ್ತಗೆ ಮಾತಾಡಿದರೆ ಯಾರಿಗೆ ಕೇಳಿಸಬೇಕು? ಅದಕ್ಕೇ ಬಾಯಿ ಜೋರಾಯಿತು ಅಂತ ನಾನು ಹೇಳುತ್ತೇನೆ. ಹುಟ್ಟಿದಾಗಲೇ ಜೋರಿತ್ತು ಅಂತ ನನ್ನವ್ವ ಹೇಳುತ್ತಿದ್ದಳು.

ಮೂವತ್ತು ವರ್ಷ ಪೆಡಲ್ ಒತ್ತಿ ನನ್ನ ಬಲಗಾಲಿನ ಹೆಬ್ಬೆರಳು ಮರಗಟ್ಟಿ ಹೋಗಿದೆ. ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲ. ನಾನು ಈಗ ಹೇಳಹೊರಟ ಸಂಗತಿ ನಡೆದ ಮೇಲೆ ಸುಮಾರು ದಿನ ನಾನು ಇಡಿಯಾಗಿ ಹಾಗೇ ಇದ್ದೆ. ಊಟ ಮಾಡುತ್ತಿದ್ದೆ, ಬೈಯುತ್ತಿದ್ದೆ, ಲೆಕ್ಕಕ್ಕೆ ಸರಿಯಾಗಿ ಅಂಗಿ ಕಳಿಸುತ್ತಿದ್ದೆ. ಒಳಗೆ ಏನೂ ಇರಲಿಲ್ಲ.

ಆಕೆಯನ್ನು ಕರೆದುಕೊಂಡು ಬಂದದ್ದು ಆಕೆಯ ತಾಯಿ. ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಹೆಂಗಸು, ಕೈಯೆಲ್ಲ ಎಣ್ಣೆ ಸಿಡಿದ ಕಲೆ. ಹುಡುಗಿ ಅಂತೇನೂ ಅಲ್ಲ, ಇಪ್ಪತ್ತೆಂಟು ತುಂಬಿತ್ತು. ಆದರೂ ತಾಯಿ ಹುಡುಗಿ ಅಂದಳು, ಹಾಗಾಗಿ ನಾವೂ ಅಂದೆವು. ಬಳ್ಳಾರಿಯ ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ತಾಯಿ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಎದೆಗೆ ಅವುಚಿಕೊಂಡಿದ್ದಳು. ಅದರಲ್ಲಿ ಆಟಿಸಂ ಅಂತ ಇತ್ತು. ನಾನು ಆ ಮಾತನ್ನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಹುಚ್ಚಿ ಅಲ್ರಿ ಅಕ್ಕಾ ನನ್ನ ಮಗಳು," ಅಂದಳು ತಾಯಿ, ನಾನು ಏನೂ ಕೇಳುವ ಮೊದಲೇ. "ಬ್ಯಾರೆ ಥರ ಅದಾಳ, ಅಷ್ಟ. ಹೊಲಿಗಿ ಬರ್ತೈತಿ. ಮನಿಯಾಗಿದ್ರ ದಿನಾಲೂ ಗ್ವಾಡಿ ನೋಡ್ಕೊಂತ ಕುಂದರ್ತಾಳ. ನಾ ಇರೋತನಕ ಹೆಂಗೋ ನಡೀತೈತಿ. ನಾ ಹೋದಮ್ಯಾಲ ಆಕಿಗೆ ಒಂದು ಹೋಗಾಕ ಜಾಗ, ಬರಾಕ ಜಾಗ ಅಂತ ಇರಬೇಕಲ್ರೀ."

ಆಮೇಲೆ ಮೂರು ಬೆರಳು ಎತ್ತಿ ಮೂರು ಮಾತು ಹೇಳಿದಳು. "ಮುಟ್ಟಬ್ಯಾಡ್ರಿ. ಆಕಿ ಕುಂದ್ರೋ ಜಾಗ ಬದಲಿ ಮಾಡಬ್ಯಾಡ್ರಿ. ಒಂದ ಸಲಕ್ಕ ಹತ್ತು ಮಾತು ಹೇಳಬ್ಯಾಡ್ರಿ."

"ಮೂರನೇದು ನನ್ನ ಕೈಲಾಗಂಗಿಲ್ಲ ನೋಡವ್ವಾ," ಅಂದೆ. ತಾಯಿ ನಗಲಿಲ್ಲ. ನಗುವ ಮಾತಲ್ಲ ಅಂತ ನನಗೂ ಆಮೇಲೆ ಅನಿಸಿತು.

ಆಕೆಗೆ ಕಾಜಾ ಮಷಿನ್ ಕೊಟ್ಟೆ. ಕಾಜಾ ಅಂದರೆ ಅಂಗಿಗೆ ಗುಂಡಿ ತೂರಿಸುವ ತೂತು. ಒಂದು ಅಂಗಿಗೆ ಆರು. ಮಷಿನ್ ಹಾಲ್‌ನ ನಡುವೆ ಇತ್ತು, ಅಲ್ಲೇ ಕೂರಿಸಿದೆ. ಮೊದಲ ದಿನ ಅರ್ಧ ದಿನ ಕೂತಳು. ಎರಡನೇ ದಿನ ಮಧ್ಯಾಹ್ನ ನೋಡುತ್ತೇನೆ, ಮಷಿನ್ ಖಾಲಿ. ಹುಡುಕಿದರೆ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ, ಎರಡೂ ಕಿವಿ ಮುಚ್ಚಿಕೊಂಡು, ಮೊಣಕಾಲಿಗೆ ತಲೆ ಕೊಟ್ಟು ಕೂತಿದ್ದಳು. ನಾನು ಕೂಗಿದೆ. ಎದ್ದೇಳು ಅಂದೆ, ಏನಾತು ಅಂದೆ, ಹಿಂಗ ಮಾಡಿದ್ರ ಹೆಂಗ ಅಂದೆ. ನಾನು ಕೂಗಿದಷ್ಟೂ ಆಕೆ ಗಟ್ಟಿಯಾಗಿ ಕಿವಿ ಒತ್ತಿಕೊಂಡಳು.

ಮಷಿನ್ ರಿಪೇರಿಗೆ ವಾರಕ್ಕೊಮ್ಮೆ ಬರುವ ಒಬ್ಬ ಮುದುಕ ಮೆಕ್ಯಾನಿಕ್ ಇದ್ದಾನೆ. ಎಲ್ಲರಿಗೂ ಚಾಚಾ. ಅವತ್ತು ಅಲ್ಲೇ ಎಣ್ಣೆ ಬಿಡುತ್ತಿದ್ದ. ಸ್ಕ್ರೂಡ್ರೈವರ್ ಕಿವಿಗೆ ಸಿಕ್ಕಿಸಿಕೊಂಡು ಎದ್ದು ಬಂದ.

"ತಂಗೀ, ನೀ ಸ್ವಲ್ಪ ಬಾಯಿಗೆ ಬ್ರೇಕ್ ಹಾಕು," ಅಂದ. "ನಾಕೂ ಕಡಿಯಿಂದ ಸಪ್ಪಳ ಬಡಿತೈತಿ ಆಕಿಗೆ. ಒಂದು ಕಡಿ ಗ್ವಾಡಿ ಇದ್ರ ತಡಕೊಂತಾಳೇನೋ ನೋಡೂಣು."

ಅವನೇ ಕಾಜಾ ಮಷಿನನ್ನು ಮೂಲೆಗೆ ಎಳೆದು ಗೋಡೆಗೆ ಮುಖ ಮಾಡಿ ಇಟ್ಟ. ಲಾರಿಯ ಹಳೇ ಟೈರಿನಿಂದ ನಾಲ್ಕು ತುಂಡು ರಬ್ಬರ್ ಕತ್ತರಿಸಿ ಸ್ಟ್ಯಾಂಡಿನ ನಾಲ್ಕು ಕಾಲಿಗೂ ಕೊಟ್ಟ, ನೆಲದ ಅದುರು ಬರದ ಹಾಗೆ. ಸೀಮೆಸುಣ್ಣದಿಂದ ಕಾಲಿನ ಸುತ್ತ ಗೆರೆ ಎಳೆದ. ಮಷಿನ್ ಒಂದು ಬೆರಳು ಸರಿದರೂ ಗೊತ್ತಾಗಬೇಕು ಅಂತ. ಆಕೆ ಮೇಜಿನ ಕೆಳಗಿನಿಂದಲೇ ಇದನ್ನೆಲ್ಲ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ತಾನೇ ಎದ್ದು ಬಂದು ಕೂತಳು. ಅಷ್ಟೇ. ಇನ್ನೇನೂ ಪವಾಡ ನಡೆಯಲಿಲ್ಲ.

ಇಂಥವರಿಗೆ ದೇವರು ಒಂದು ಕಿತ್ತುಕೊಂಡು ಇನ್ನೊಂದು ಹೆಚ್ಚಿಗೆ ಕೊಟ್ಟಿರುತ್ತಾನೆ ಅಂತ ಜನ ಹೇಳುತ್ತಾರೆ. ಸುಳ್ಳು. ಆಕೆಯ ಕೆಲಸ ನಮ್ಮೆಲ್ಲರ ಹಾಗೇ ಇತ್ತು, ಸ್ವಲ್ಪ ನಿಧಾನವೇ. ಆದರೆ ಒಂದು ಕಾಜಾ ಇನ್ನೊಂದರ ಹಾಗೇ ಇರುತ್ತಿತ್ತು, ದಾರದ ಎಳೆ ಎಲ್ಲೂ ಬಿಡುತ್ತಿರಲಿಲ್ಲ. ಬಾಯಿಂದ ಹೇಳಿದರೆ ತಲೆಗೆ ಹೋಗುವುದಿಲ್ಲ ಅಂತ ಗೊತ್ತಾದ ಮೇಲೆ ನಾನೊಂದು ದಾರಿ ಮಾಡಿಕೊಂಡೆ. ಆಕೆಯ ಎದುರಿನ ಗೋಡೆಗೆ ಮೊಳೆ ಹೊಡೆದು ಒಂದು ಮಾದರಿ ಅಂಗಿ ನೇತುಹಾಕುತ್ತಿದ್ದೆ, ಕಾಜಾ ಬರಬೇಕಾದ ಕಡೆ ಸೀಮೆಸುಣ್ಣದ ಗುರುತು ಹಾಕಿ. ಆಕೆ ಒಮ್ಮೆ ನೋಡುತ್ತಿದ್ದಳು, ಮುಗಿಯಿತು. ಬೇರೆ ಶಾಲೆಯ ಅಂಗಿ ಬಂದರೆ ಮೊಳೆಯ ಮೇಲಿನ ಅಂಗಿ ಬದಲು. ಇಡೀ ದಿನದಲ್ಲಿ ನಾವಿಬ್ಬರೂ ಒಂದು ಮಾತೂ ಆಡಬೇಕಾಗಿರಲಿಲ್ಲ. ನನ್ನಂಥವಳಿಗೆ ಅದೇ ದೊಡ್ಡ ಪವಾಡ ಅಂತ ಚಾಚಾ ಆಡಿಕೊಳ್ಳುತ್ತಿದ್ದ.

ಉಳಿದವರು ಸುಮ್ಮನಿರುತ್ತಾರೆಯೇ? ಒಲ್ಲದ ಗಂಡನಿಗೆ ಮೊಸರಿನಲ್ಲೂ ಕಲ್ಲು. "ಆಕಿಗೊಂದು ನ್ಯಾಯ, ನಮಗೊಂದು ನ್ಯಾಯ. ನಾವು ಒಂದು ಮಾತಾಡಿದ್ರ ನಮ್ಮ ಮ್ಯಾಲೆ ಎಗರಿ ಬೀಳ್ತೀರಿ, ಆಕಿಗೆ ಮಾತ್ರ ತುಟಿ ಪಿಟಕ್ ಅನ್ನಂಗಿಲ್ಲ," ಅಂದಳು ಕಾಲರ್ ಹೊಲಿಯುವವಳು.

"ನಿನಗೂ ಗ್ವಾಡಿ ಬೇಕೇನ? ಹೋಗು, ಇನ್ನೊಂದು ಮೂಲಿ ಖಾಲಿ ಐತಿ. ಎಂಟು ತಾಸು ಬಾಯಿ ಮುಚ್ಚಿಕೊಂಡು ಕುಂತು ತೋರಿಸು, ನಿನಗೂ ಒಂದು ಮಾತು ಅನ್ನಂಗಿಲ್ಲ," ಅಂದೆ. ಎಲ್ಲರೂ ನಕ್ಕರು. ಎಂಟು ನಿಮಿಷವೂ ಆಗಲಿಕ್ಕಿಲ್ಲ ಅಂತ ಅವಳಿಗೇ ಗೊತ್ತಿತ್ತು.

ಒಮ್ಮೆ ಅರವತ್ತು ಅಂಗಿ ಕೆಟ್ಟವು. ಎಡಗಡೆ ಬರಬೇಕಾದ ಕಾಜಾ ಬಲಗಡೆ ಬಂದಿದ್ದವು, ಅರವತ್ತಕ್ಕೆ ಅರವತ್ತೂ. ನಾನು ಆ ಅಂಗಿಗಳನ್ನು ಆಕೆಯ ಮುಂದೆ ಎಸೆದು ಕೂಗಾಡಿದೆ. ಆಕೆ ನನ್ನ ಕಡೆ ನೋಡಲೇ ಇಲ್ಲ, ಗೋಡೆಯನ್ನೇ ನೋಡುತ್ತಿದ್ದಳು. ಆಮೇಲೆ ನಾನೂ ಗೋಡೆ ನೋಡಿದೆ. ಅವಸರದಲ್ಲಿ ನಾನು ಮಾದರಿ ಅಂಗಿಯನ್ನು ಒಳಮಗ್ಗಲು ಹೊರಗೆ ಮಾಡಿ ನೇತುಹಾಕಿದ್ದೆ. ಆಕೆ ನೋಡಿದ್ದನ್ನು ನೋಡಿದ ಹಾಗೇ ಮಾಡಿದ್ದಳು.

ತಪ್ಪು ನನ್ನದು ಅಂತ ಹೇಳಲು ನನಗೆ ಮೂರು ದಿನ ಹಿಡಿಯಿತು. ಅಲ್ಲಿಯವರೆಗೆ ಯಾರ ಮುಂದೆಯೂ ಆ ಮಾತು ನನ್ನ ಬಾಯಿಂದ ಬಂದಿರಲಿಲ್ಲ, ಗಂಡನ ಮುಂದೆಯೂ. ನಾಲ್ಕನೇ ದಿನ ಎಲ್ಲರೂ ಊಟಕ್ಕೆ ಕೆಳಗೆ ಹೋದಾಗ ಆಕೆಯ ಬೆನ್ನ ಹಿಂದೆ ನಿಂತು, "ತಪ್ಪು ನಂದು," ಅಂದೆ.

"ಹೌದು," ಅಂದಳು. ಡಬ್ಬಿ ತೆಗೆದು ರೊಟ್ಟಿ ಮುರಿದುಕೊಂಡಳು.

ಇರಲಿ ಬಿಡ್ರಿ ಅನ್ನಲಿಲ್ಲ, ಏನೂ ಆಗಿಲ್ಲ ಅನ್ನಲಿಲ್ಲ. ಹೌದು. ನನಗೆ ಎಷ್ಟು ಸಿಟ್ಟು ಬಂತೋ ಅಷ್ಟೇ ನಗು ಬಂತು. ಆ ದಿನದಿಂದ ಆಕೆಯನ್ನು ಕಂಡರೆ ನನಗೆ ಒಂದು ಥರದ ಅಕ್ಕರೆ. ಮುಟ್ಟಿ ತೋರಿಸುವಂತಿಲ್ಲ, ಮಾತಾಡಿ ತೋರಿಸುವಂತಿಲ್ಲ. ಮಾದರಿ ಅಂಗಿಯನ್ನು ಎರಡೆರಡು ಸಲ ನೋಡಿ ನೇತುಹಾಕುತ್ತಿದ್ದೆ, ಅಷ್ಟೇ ನಾನು ತೋರಿಸಬಹುದಾದ ಅಕ್ಕರೆ.

ಹೀಗೆ ಮೂರು ವರ್ಷ ನಡೆಯಿತು. ಹಾಗೇ ನಡೆದಿದ್ದರೆ ಬರೆಯಲು ಏನೂ ಇರುತ್ತಿರಲಿಲ್ಲ.

ಆಯುಧ ಪೂಜೆಗೆ ಹತ್ತು ದಿನ ಮುಂಚೆ ನಮ್ಮ ಮಾಲೀಕರು ಹೊಸಪೇಟೆಯಲ್ಲಿ ಯಾವುದೋ ತರಬೇತಿಗೆ ಹೋಗಿ ಬಂದರು. ಕೆಟ್ಟ ಮನುಷ್ಯರಲ್ಲ. ನಮಗಿಂತ ಚಿಕ್ಕವರು, ಓದಿದವರು, ಹೊಸದೇನಾದರೂ ಕೇಳಿದರೆ ಮೈಯೆಲ್ಲ ಉಮೇದು. ಎಲ್ಲ ಥರದ ಜನರನ್ನೂ ಕೆಲಸದಲ್ಲಿ ಸೇರಿಸಿಕೊಳ್ಳಬೇಕು ಅಂತ ಅಲ್ಲಿ ಯಾರೋ ಭಾಷಣ ಮಾಡಿದ್ದರಂತೆ. ಬಂದವರೇ ನನ್ನನ್ನು ಕರೆದರು.

"ಅಕ್ಕಾರ, ಆ ಹುಡುಗೀನ ಮೂಲ್ಯಾಗ ಗ್ವಾಡಿಗೆ ಮಕಾ ಮಾಡಿ ಕುಂದ್ರಿಸೀವಲ್ರಿ, ಹೊರಗಿನವ್ರು ಬಂದು ನೋಡಿದ್ರ ಏನಂತಾರ? ದೂರ ಇಟ್ಟಾರ ಅಂತಾರ. ಆಕಿ ಎಲ್ಲಾರ ನಡುವ ಕುಂದ್ರಬೇಕ್ರಿ. ಪೂಜಾ ದಿನ ಚಲೋ ಆಕ್ಕೈತಿ, ಹೆಂಗೂ ಮಷಿನ್ ಎಲ್ಲಾ ಸರಿಸಿ ತೊಳೀತೀರಿ. ಆಕಿ ಮಷಿನ್ ನಡುವ ಇಡ್ರಿ, ಸುತ್ತ ಎಲ್ಲಾರೂ ನಿಂದರ್ರಿ, ಒಂದು ಫೋಟೋ ತಗಸೂಣು."

ದೂರ ಇಟ್ಟಾರ. ಆ ಒಂದು ಮಾತು ನನಗೆ ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ನನ್ನ ತವರು ಹರಪನಹಳ್ಳಿ ಕಡೆಯ ಒಂದು ಹಳ್ಳಿ, ನಮ್ಮ ಕೇರಿ ಊರ ಹೊರಗೆ. ನನ್ನವ್ವ ಶಾಲೆಯಲ್ಲಿ ಎರಡು ವರ್ಷ ಓದಿದ್ದು ಪಡಸಾಲೆಯಲ್ಲಿ, ಉಳಿದ ಮಕ್ಕಳು ಬಿಟ್ಟ ಚಪ್ಪಲಿಗಳ ಪಕ್ಕ ಕೂತು. ಕಪ್ಪು ಹಲಗೆ ಬಾಗಿಲ ಸಂದಿಯಿಂದ ಅರ್ಧ ಕಾಣುತ್ತಿತ್ತಂತೆ. ಅದಕ್ಕೇ ಅವಳಿಗೆ ಕೊನೆಯವರೆಗೂ ಅರ್ಧ ಅಕ್ಷರ ಮಾತ್ರ ಬರುತ್ತಿದ್ದವು ಅಂತ ತಾನೇ ಹೇಳಿ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ನನ್ನ ಗಂಡನ ಮನೆಯಲ್ಲಿ ಈಗ ಬುದ್ಧನ ಪಟ ಇದೆ, ನನ್ನ ಮಗಳು ಸರ್ಕಾರಿ ಕೆಲಸದಲ್ಲಿ ಎಲ್ಲರ ಜೊತೆ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಒಬ್ಬರನ್ನು ದೂರ ಕೂರಿಸುವುದು ಅಂದರೇನು ಅಂತ ನನಗೆ ಯಾರೂ ಪಾಠ ಹೇಳಬೇಕಿಲ್ಲ. ಅಂಥವಳು ನಾನೇ ಮೂರು ವರ್ಷದಿಂದ ಒಬ್ಬಳನ್ನು ಮೂಲೆಗೆ ಕೂರಿಸಿದ್ದೇನೆ! ನನ್ನ ಮುಖ ಸುಟ್ಟ ಹಾಗಾಯಿತು.

ಚಾಚಾಗೆ ಹೇಳಿದೆ. ಅವನಿಗೆ ಸರಿಬರಲಿಲ್ಲ. "ರಬ್ಬರ್ ಕಿತ್ತರ ಮತ್ತ ಅದುರ್ತೈತಿ ತಂಗಿ. ಯಾಕ ಬೇಕು?"

"ನಿಮಗೇನು ಗೊತ್ತು ಚಾಚಾ, ದೂರ ಕುಂದ್ರೋದು ಅಂದ್ರ!"

ಅವನು ನನ್ನನ್ನೇ ನೋಡಿದ. "ನನಗ ಗೊತ್ತಿಲ್ಲೇನು?" ಅಂದ ಮೆತ್ತಗೆ. ಆಮೇಲೆ, "ಆಕೀನ ಕೇಳಿದೇನು?" ಅಂದ.

"ಆಕಿ ಏನು ಹೇಳ್ತಾಳ? ಆಕಿಗೆ ಮಾತು ಎಲ್ಲೈತಿ?" ಅಂದೆ.

ಈ ಮಾತು ನಾನೇ ಆಡಿದ್ದು. ಇದೇ ಬಾಯಿಂದ.

ಪೂಜೆಯ ಹಿಂದಿನ ಸಂಜೆ ಆಕೆ ಮನೆಗೆ ಹೋದ ಮೇಲೆ ಕಾಜಾ ಮಷಿನನ್ನು ನಾನೇ ಎಳೆದೆ. ಕಾಲರಿನವಳು ಇನ್ನೊಂದು ಕಡೆ ಹಿಡಿದಳು. ನೆಲ ತೊಳೆದೆವು, ಸೀಮೆಸುಣ್ಣದ ಗೆರೆ ನೀರಿನ ಜೊತೆ ಹೋಯಿತು. ನಾಲ್ಕು ರಬ್ಬರ್ ತುಂಡು ಚಿಂದಿ ಬಟ್ಟೆಯ ಬುಟ್ಟಿಗೆ ಬಿದ್ದವು. ಮಷಿನ್ ಹಾಲ್‌ನ ಮಧ್ಯಕ್ಕೆ ಬಂತು. ಬೆಳಿಗ್ಗೆ ಅದಕ್ಕೆ ಎಲ್ಲಕ್ಕಿಂತ ದೊಡ್ಡ ಚೆಂಡು ಹೂವಿನ ಹಾರ, ಎರಡು ಕಡೆ ಬಾಳೆ ಕಂದು, ಮೈಮೇಲೆ ವಿಭೂತಿ ಪಟ್ಟೆ, ಕುಂಕುಮ. ನಾನು ಮನೆಯಲ್ಲಿ ಪೂಜೆ ಮಾಡುವವಳಲ್ಲ. ಇಲ್ಲಿ ಮಾತ್ರ ಪ್ರತಿ ವರ್ಷ ತಟ್ಟೆ ಹಿಡಿದು ನಿಲ್ಲುತ್ತೇನೆ, ಹದಿನಾರು ಹೆಂಗಸರು ದುಡಿಯುವ ಜಾಗ ಅಂತ. ಅವತ್ತು ಎಲ್ಲರಿಗಿಂತ ಹೆಚ್ಚು ಖುಷಿಯಲ್ಲಿದ್ದವಳು ನಾನೇ.

ಆಕೆ ಒಂಬತ್ತಕ್ಕೆ ಬಂದಳು. ಬಾಗಿಲಲ್ಲಿ ಯಾರನ್ನೂ ನೋಡದೆ ಯಾವತ್ತಿನ ಹಾಗೆ ನೇರ ಮೂಲೆಗೆ ಹೋದಳು. ಅಲ್ಲಿ ಏನೂ ಇರಲಿಲ್ಲ. ಗೋಡೆಗೆ ಮೊಳೆ ಇತ್ತು, ಅಂಗಿ ಇರಲಿಲ್ಲ. ಖಾಲಿ ನೆಲದ ಮುಂದೆ ಡಬ್ಬಿ ಹಿಡಿದು ನಿಂತುಬಿಟ್ಟಳು. ಮಷಿನ್ ಇದ್ದ ಕಡೆ ಕಾಲಿಡಲಿಲ್ಲ, ಅದರ ಅಂಚಿಗೇ ನಿಂತಿದ್ದಳು.

"ಬಾರವ್ವ, ಇಲ್ಲಿ ಬಾ, ನೋಡಿಲ್ಲಿ ನಿನ್ನ ಮಷಿನ್ನು! ಇನ್ಮ್ಯಾಲೆ ನೀನೂ ನಮ್ಮ ಜೊತೀಗೆ ನಡುವ ಕುಂದ್ರಬೇಕು, ಮೂಲ್ಯಾಗ ಯಾಕ ಕುಂದರ್ತಿ, ನಾವೆಲ್ಲ ನಿನ್ನವ್ರ ಅಲ್ಲೇನು?" ಅಂದೆ. ಒಬ್ಬಳು ಕೈ ಹಿಡಿದು ಕರೆತಂದಳು, ಇನ್ನೊಬ್ಬಳು ಹಣೆಗೆ ಕುಂಕುಮ ಇಟ್ಟಳು, ಮತ್ತೊಬ್ಬಳು ಹಡಗಲಿ ಮಲ್ಲಿಗೆ ಮುಡಿಸಿದಳು. ಎಲ್ಲರಿಗೂ ನಿಜವಾದ ಪ್ರೀತಿ. ಮೂರು ವರ್ಷದಿಂದ ತೋರಿಸಲು ಆಗದಿದ್ದ ಪ್ರೀತಿಯನ್ನೆಲ್ಲ ಒಂದೇ ಸಲ ತೋರಿಸಿದರು.

ಆಕೆಯನ್ನು ಮಷಿನ್ ಮುಂದೆ ಕೂರಿಸಿದೆವು. ಕೂತವಳೇ ಪೆಡಲ್ ಒತ್ತಿದಳು. ಆಯುಧ ಪೂಜೆಯ ದಿನ ಯಾವ ಮಷಿನನ್ನೂ ಓಡಿಸುವುದಿಲ್ಲ, ಕರೆಂಟ್ ತೆಗೆದಿತ್ತು. ಮತ್ತೆ ಒತ್ತಿದಳು. ಮತ್ತೆ. ಏನೂ ಓಡಲಿಲ್ಲ. "ಇವತ್ತು ಮಷಿನಿಗೂ ರಜಾ ಐತವ್ವಾ," ಅಂತ ಯಾರೋ ಅಂದು ಎಲ್ಲರೂ ನಕ್ಕರು. ಆಕೆ ಒತ್ತುತ್ತಲೇ ಇದ್ದಳು. ಅಷ್ಟರಲ್ಲಿ ಬಾಗಿಲ ಹತ್ತಿರ ಕುಂಬಳಕಾಯಿ ಒಡೆದರು, ಚಪ್ಪಾಳೆ ತಟ್ಟಿದರು, ಮಾಲೀಕರು ಇಲ್ನೋಡ್ರಿ ಇಲ್ನೋಡ್ರಿ ಅಂದರು. ನಾನು ಆಕೆಯ ಹೆಗಲ ಮೇಲೆ ಕೈ ಇಟ್ಟೆ.

ಆ ಫೋಟೋ ಈಗಲೂ ಇದೆ. ಹದಿನೈದು ಹೆಂಗಸರು ಹಲ್ಲು ಕಾಣುವ ಹಾಗೆ ನಗುತ್ತಿದ್ದಾರೆ. ನಡುವೆ ಆಕೆ ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಕಿವಿಗೆ ಅಂಗೈ ಒತ್ತಿಕೊಂಡು ಕೂತಿದ್ದಾಳೆ. ಹೆಗಲ ಮೇಲೆ ನನ್ನ ಕೈ. ತಾಯಿ ಹೇಳಿದ ಮೂರು ಬ್ಯಾಡಗಳನ್ನೂ ನಾನು ಒಂದೇ ಮುಂಜಾನೆಯಲ್ಲಿ ಮುಗಿಸಿದ್ದೆ.

ಫೋಟೋ ಮುಗಿದ ಮೇಲೆ ಮಂಡಕ್ಕಿ, ಪೇಡೆ ಹಂಚುವ ಗಡಿಬಿಡಿ. ನೋಡಿದರೆ ಆಕೆ ಇಲ್ಲ. ಚಪ್ಪಲಿ ಬಾಗಿಲಲ್ಲೇ ಇದ್ದವು, ಊಟದ ಡಬ್ಬಿ ಮೂಲೆಯಲ್ಲೇ ಇತ್ತು. ಮೆಟ್ಟಿಲ ಮೇಲೆ ಮಲ್ಲಿಗೆ ದಂಡೆ ಬಿದ್ದಿತ್ತು. ಬರಿಗಾಲಲ್ಲಿ ರೈಲ್ವೆ ಸ್ಟೇಷನ್ ದಾರಿ ಹಿಡಿದು ಮನೆಗೆ ಹೋದಳು ಅಂತ ಆಮೇಲೆ ಗೊತ್ತಾಯಿತು.

ವಿಜಯದಶಮಿಯ ರಜೆ ಕಳೆದ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಮಷಿನನ್ನು ವಾಪಸ್ ಮೂಲೆಗೆ ಎಳೆದೆ. ಚಿಂದಿ ಬುಟ್ಟಿ ನೆಲಕ್ಕೆ ಸುರಿದು ರಬ್ಬರ್ ತುಂಡು ಹುಡುಕಿದೆ, ಮೂರು ಸಿಕ್ಕವು. ಕುಂಕುಮ ಒರೆಸಿದೆ, ಅಂಗಿ ನೇತುಹಾಕಿದೆ. ಆಕೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ನನಗೆ ಅಳು ಬರಬೇಕಿತ್ತು, ಬರಲಿಲ್ಲ. ಮಾಲೀಕರ ಮೇಲೆ ಸಿಟ್ಟು ಬರಬೇಕಿತ್ತು, ಅದೂ ಬರಲಿಲ್ಲ. ಅಂಗಿ ಎಣಿಸಿದೆ, ಗಂಟು ಕಟ್ಟಿದೆ.

ನಾಲ್ಕನೇ ದಿನ ತಾಯಿ ಬಂದಳು, ಚಪ್ಪಲಿ ಮತ್ತು ಡಬ್ಬಿ ತಗೊಂಡು ಹೋಗಲು. ಬೈದಿದ್ದರೆ ಚೆನ್ನಾಗಿತ್ತು. ನನಗೆ ಬೈಗುಳ ತಿಂದು ಗೊತ್ತು, ತಿರುಗಿ ಬೈದೂ ಗೊತ್ತು.

"ನಿಮ್ಮ ಮ್ಯಾಲೆ ಸಿಟ್ಟಿಲ್ರಿ ಅಕ್ಕಾ," ಅಂದಳು. "ನೀವು ಚಲೋದಕ್ಕ ಮಾಡೀರಿ. ಆಕಿ ಮತ್ತ ಗ್ವಾಡಿ ನೋಡ್ಕೊಂತ ಕುಂತಾಳ. ಉಣ್ಣಾಕ ಕರದ್ರೂ ಏಳವಲ್ಲಳು. ಮೂರು ವರ್ಷದಾಗ ಎಷ್ಟು ಸುಧಾರಿಸಿದ್ಲು. ಹೋಗ್ಲಿ ಬಿಡ್ರಿ, ಆಕಿ ಹಣೇಬರ." ಡಬ್ಬಿ ಸೆರಗಿನಲ್ಲಿ ಮುಚ್ಚಿಕೊಂಡು ಮೆಟ್ಟಿಲು ಇಳಿದಳು. ನಾನು ಹಿಂದೆ ಹೋಗಲಿಲ್ಲ. 

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಅವರ ಮನೆಗೆ ಹೋದೆ. ಒಂದೇ ಕೋಣೆ. ಆಕೆ ನನಗೆ ಬೆನ್ನು ಹಾಕಿ ಕೂತಿದ್ದಳು, ತಾಯಿಯ ಹಳೇ ಸೀರೆಯ ಅಂಚಿಗೆ ಕೈಯಲ್ಲೇ ಕಾಜಾ ಹೊಲಿಯುತ್ತ. ಆರು ಕಾಜಾ, ಒಂದು ಗೇಣು ಬಿಟ್ಟು ಮತ್ತೆ ಆರು. ಸೀರೆಯ ಮುಕ್ಕಾಲು ಭಾಗ ತುಂಬಿತ್ತು. ಸೀರೆಗೆ ಎಲ್ಲಿಯ ಗುಂಡಿ? ನಾನು ಹತ್ತು ನಿಮಿಷ ಕೂತು ಎದ್ದು ಬಂದೆ. ಮಾತು ಬರಲಿಲ್ಲ. ನನಗೆ!

ಮುಂದಿನ ಭಾನುವಾರ ಮತ್ತೆ ಹೋದೆ. ಈ ಸಲ ದಾರಿಯುದ್ದಕ್ಕೂ ಮಾತು ಎಣಿಸಿಕೊಂಡು ಹೋಗಿದ್ದೆ. ಹತ್ತು ಮಾತು ಬೇಡ, ಒಂದೇ.

"ತಪ್ಪು ನಂದು," ಅಂದೆ.

"ಹೌದು," ಅಂದಳು. ಸೂಜಿ ನಿಲ್ಲಲಿಲ್ಲ.

ಹೋದ ಸಲ ಇದೇ ಮಾತಿಗೆ ನಗು ಬಂದಿತ್ತು. ಈ ಸಲ ಅದು ಮರಗಟ್ಟಿದ ಜಾಗವನ್ನೆಲ್ಲ ದಾಟಿ ಒಳಗೆ ಹೋಯಿತು.  "ಮಷಿನ್ ಗ್ವಾಡಿ ಕಡೀಗೆ ಇಟ್ಟೀನಿ," ಅಂದೆ.

ಸೂಜಿ ನಿಂತಿತು. "ಎಷ್ಟು ದಿನ?" ಅಂದಳು.

ಮೂರು ವರ್ಷದಲ್ಲಿ ಆಕೆ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ನಾನಿರೋತನಕ ಅನ್ನೋಣ ಅಂದುಕೊಂಡೆ. ಆದರೆ ಸರಿಸಿದವಳು ಯಾರು? ನಾನೇ. ನಾಳೆ ಮತ್ತೊಂದು ತರಬೇತಿ, ಮತ್ತೊಂದು ಫೋಟೋ, ಮುಂದಿನ ವರ್ಷ ಮತ್ತೊಂದು ಆಯುಧ ಪೂಜೆ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಅಂತಾರೆ. ಅವತ್ತು ಆಕೆಯ ಮುಂದೆ ನನ್ನ ಬಾಯಿ ಯಾವ ಕೆಲಸಕ್ಕೂ ಬರಲಿಲ್ಲ. ಎದ್ದು ಬಂದೆ.

ಚಾಚಾನ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. ನಾ ಆಗಲೇ ಹೇಳಿದ್ದೆ ಅಂತ ಅವನು ಅನ್ನಲಿಲ್ಲ, ಅದಕ್ಕೆ ಅವನ ಮೇಲೆ ನನಗೆ ಗೌರವ. ಮುಂದಿನ ಭಾನುವಾರ ಯಾರೂ ಇಲ್ಲದಾಗ ಬಂದು ನೆಲಕ್ಕೆ ನಾಲ್ಕು ತೂತು ಕೊರೆದ. ಹೊಸ ರಬ್ಬರ್ ಕೊಟ್ಟು, ಸ್ಟ್ಯಾಂಡಿನ ನಾಲ್ಕೂ ಕಾಲನ್ನು ದಪ್ಪ ಬೋಲ್ಟ್ ಹಾಕಿ ನೆಲಕ್ಕೆ ಬಿಗಿದ. ಆಮೇಲೆ ನಟ್ಟಿನಿಂದ ಹೊರಗೆ ಉಳಿದ ಬೋಲ್ಟಿನ ತುದಿಗಳನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದ. "ಇನ್ನ ಇದನ್ನ ತೆಗೀಬೇಕಂದ್ರ ನೆಲಾನ ಒಡೀಬೇಕು," ಅಂದ.

ಸೋಮವಾರ ಮಾಲೀಕರು ನೋಡಿ ಕೆಂಪಗಾದರು. "ಏನ್ರಿ ಅಕ್ಕಾರ ಇದು? ನನ್ನ ಒಂದು ಮಾತು ಕೇಳದ ನೆಲಾ ಕೊರದೀರಲ್ಲ!"

"ನೀವು ಮಷಿನ್ ಸರಸ್ರಿ ಅನ್ನೋ ಮುಂದ ಆಕೀನ ಒಂದು ಮಾತು ಕೇಳಿದ್ರೇನ್ರಿ?" ಅಂದೆ. ಆಮೇಲೆ, "ನಾನೂ ಕೇಳ್ಲಿಲ್ಲ ಬಿಡ್ರಿ," ಅಂದೆ. ಕೊನೆಯ ಮಾತು ಮೆತ್ತಗೆ ಬಂತು. ನನ್ನ ಬಾಯಿಂದ ಮೆತ್ತಗೆ ಬಂದ ಮಾತು ಕೇಳಿ ಅವರಿಗೇ ಗಾಬರಿಯಾಯಿತೋ ಏನೋ, ಸುಮ್ಮನೆ ಕೆಳಗಿಳಿದು ಹೋದರು. ಆ ಫೋಟೋವನ್ನು ಆಫೀಸಿನ ಗೋಡೆಯಿಂದ ಅವರೇ ತೆಗೆದರು. ನನ್ನ ಫೋನಿನಲ್ಲಿ ನಾನು ಇಟ್ಟುಕೊಂಡಿದ್ದೇನೆ.

ಅದೇ ವಾರ ಮೂರನೇ ಸಲ ಹೋಗಿ, ಉಳಿದಿದ್ದ ಒಂದು ಬೋಲ್ಟನ್ನು ಆಕೆಯ ಪಕ್ಕ ನೆಲದ ಮೇಲಿಟ್ಟೆ. "ಇಂಥಾವು ನಾಕು ಹಾಕೇವಿ. ಮಷಿನ್ ಇರೋತನಕ," ಅಂದೆ. ಆಕೆ ಬೋಲ್ಟ್ ಎತ್ತಿಕೊಂಡು ತಿರುಪಿನ ಗೆರೆಗಳ ಮೇಲೆ ಉಗುರು ಆಡಿಸಿದಳು. 

ಸಂಕ್ರಾಂತಿ ಆಯಿತು. ಹಬ್ಬದ ಮುಂದಿನ ಸೋಮವಾರ ಒಂಬತ್ತಕ್ಕೆ ಆಕೆ ಮೆಟ್ಟಿಲು ಹತ್ತಿ ಬಂದಳು. ಹದಿನೈದು ಮಷಿನ್ನೂ ಒಮ್ಮೆಗೇ ನಿಂತವು. ಯಾರೂ ಉಸಿರೆತ್ತಬೇಡಿ ಅಂತ ನಾನು ಕೈ ಎತ್ತಿದೆ. ಆಕೆ ಡಬ್ಬಿಯನ್ನು ಕೆಳಗಿಟ್ಟಳು. ಎರಡೂ ಅಂಗೈಯನ್ನು ಮಷಿನ್ ಮೇಜಿಗೆ ಕೊಟ್ಟು, ಕಾಲು ಹಿಂದಿಟ್ಟು, ಮೈಯೆಲ್ಲ ಭಾರ ಹಾಕಿ ನೂಕಿದಳು. ಪಕ್ಕಕ್ಕೆ ಬಂದು ಅಲ್ಲಿಂದಲೂ ನೂಕಿದಳು. ಮಷಿನ್ ಅಲುಗಲಿಲ್ಲ. ಆಮೇಲೆ ಕೂತು ಮೊಳೆಯ ಮೇಲಿನ ಅಂಗಿ ನೋಡಿದಳು. ನಾನು ಕತ್ತರಿಸುವ ಮೇಜಿನ ಹಿಂದೆ ಹೋಗಿ, ಬಟ್ಟೆ ಥಾನಿಗೆ ಮುಖ ಕೊಟ್ಟು ಅತ್ತೆ. ಮೂರು ತಿಂಗಳ ಅಳು.

ಈಗ ಎಲ್ಲ ಸರಿಯಾಯಿತು ಅಂತ ಆಕೆಯ ತಾಯಿ ಹೇಳುತ್ತಾಳೆ, ಮಾಲೀಕರೂ ಹೇಳುತ್ತಾರೆ. ಕಾಜಾ ಮೊದಲಿನ ಹಾಗೇ ಬರುತ್ತಿವೆ. ಆದರೆ ಮೊದಲ ಮೂರು ವರ್ಷ ಆಕೆ ಬಂದವಳೇ ನೇರ ಕೂತುಬಿಡುತ್ತಿದ್ದಳು. ಈಗ ದಿನಾ ಬೆಳಿಗ್ಗೆ ಡಬ್ಬಿ ಇಟ್ಟು, ಎರಡೂ ಕೈ ಕೊಟ್ಟು ಮಷಿನನ್ನು ನೂಕುತ್ತಾಳೆ. ಮುಂದಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ. ನಾನು ಎಲ್ಲೇ ಇದ್ದರೂ ಆ ಹೊತ್ತಿಗೆ ನಿಂತು ನೋಡುತ್ತೇನೆ. ಅಲುಗಲಿಲ್ಲ ಅಂತ ಖಾತ್ರಿಯಾದ ಮೇಲೆ ಕೂತು ಸ್ವಿಚ್ ಹಾಕುತ್ತಾಳೆ.